ನಾಲ್ಕು ಗಾಲಿಗೂ ನೊಗ

ವರದೆಯು ತುಂಗಭದ್ರೆಯನ್ನು ಕೂಡಿಕೊಳ್ಳುವ ತಾಣದಲ್ಲಿರುವ ಗಳಗನಾಥ ಎಂಬ ಹಳ್ಳಿಯ ಹೆಸರು ಕಾದಂಬರಿ ಓದುವ ಕನ್ನಡಿಗರ ಮನೆಗಳಿಗೆ ಹೊಸತಲ್ಲ. ವೆಂಕಟೇಶ ತಿರಕೊ ಕುಲಕರ್ಣಿಯವರು (1869–1942) ತಮ್ಮ ಊರಿನ ಹೆಸರನ್ನೇ ಹೊತ್ತು 'ಗಳಗನಾಥ'ರೆಂದು ಪ್ರಸಿದ್ಧರಾದರು. ಅಗಡಿಯ 'ಸದ್ಬೋಧ ಚಂದ್ರಿಕೆ'ಯ ಮೂಲಕ ಮನೆ ಮನೆಗೆ ಕಥೆಯ ರುಚಿ ಹತ್ತಿಸಿದರು. ತಮ್ಮ ಪುಸ್ತಕಗಳ ಹೊರೆಯನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರೆಂಬ ಮಾತು ಇಂದಿಗೂ ಆ ಸೀಮೆಯಲ್ಲಿ ಕೇಳಬರುತ್ತದೆ. ಆ ಸೀಮೆಯ ಮಳೆಗಾಲದ ಹಾದಿಯನ್ನು ಬಲ್ಲವರಿಗೆ ಮಾತ್ರ ಆ ಶ್ರಮದ ನಿಜವಾದ ತೂಕ ತಿಳಿದೀತು.

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳ ಸುತ್ತಣ ನೆಲದಲ್ಲಿ ಎರೆಭೂಮಿಯ ಪಾಲು ದೊಡ್ಡದು. ಹತ್ತಿಗೂ ಮೆಣಸಿನಕಾಯಿಗೂ ತಾಯಿಯಂತಿರುವ ಈ ಕಪ್ಪು ಮಣ್ಣು ದಾರಿಹೋಕನಿಗೆ ಮಾತ್ರ ಮಲತಾಯಿ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುವ ನೆಲವೇ ಎರಡು ಹದ ಮಳೆಯಾಯಿತೆಂದರೆ ನೀರು ಕುಡಿದು ಉಬ್ಬುತ್ತದೆ. ಮೇಲೆ ಬೆಣ್ಣೆಯಂತೆ ಜಾರುತ್ತದೆ, ಒಳಗೆ ಅಂಟಿನಂತೆ ಹಿಡಿಯುತ್ತದೆ. ಕಾಲಿಟ್ಟರೆ ಚಪ್ಪಲಿ ಅಲ್ಲಿಯೇ ಉಳಿಯುತ್ತದೆ. ಮೋಟಾರು ಬಂದರೆ ಹಿಂದಿನ ಗಾಲಿಗಳು ನಿಂತಲ್ಲೇ ಗಿರಗಿರನೆ ತಿರುಗಿ ಎರಡು ಕುಳಿಗಳನ್ನು ತೋಡಿಕೊಂಡು ಅವುಗಳಲ್ಲಿ ಕುಳಿತುಬಿಡುತ್ತವೆ. ಚಾಲಕನು ಎಷ್ಟು ಬಲವಾಗಿ ಆಕ್ಸಿಲರೇಟರು ಒತ್ತುತ್ತಾನೋ ಕುಳಿ ಅಷ್ಟು ಆಳವಾಗುತ್ತದೆ. ಕೊನೆಗೆ ಯಾರೋ ಒಂದು ಜೋಡಿ ಎತ್ತುಗಳನ್ನು ಹೊಡೆದುಕೊಂಡು ಬರಬೇಕು. ನೂರು ಕುದುರೆಗಳ ಶಕ್ತಿಯುಳ್ಳ ಯಂತ್ರವನ್ನು ಎರಡು ಎತ್ತುಗಳು ಮೇಲಕ್ಕೆಳೆಯಬೇಕು!

ಈ ನಗೆಪಾಟಲಿನಲ್ಲಿಯೇ ಒಂದು ದೊಡ್ಡ ಪ್ರಶ್ನೆ ಅಡಗಿದೆ. ಚಕ್ಕಡಿಯ ಗಾಲಿ ತಾನಾಗಿ ತಿರುಗುವುದಿಲ್ಲ. ಅದು ಭಾರ ಹೊರುತ್ತದೆ, ಅಷ್ಟೇ. ನೆಲವನ್ನು ಊರಿ ಗಾಡಿಯನ್ನು ಮುಂದಕ್ಕೆಳೆಯುವುದು ಎತ್ತಿನ ಗೊರಸು. ಮೋಟಾರಿನಲ್ಲಾದರೋ ಗಾಲಿಯೇ ಗಾಲಿ, ಗಾಲಿಯೇ ಗೊರಸು. ಹಳೆಯ ಮಾದರಿಯ ಕಾರುಗಳಲ್ಲಿ ಹಿಂದಿನ ಎರಡು ಗಾಲಿಗಳಿಗೆ ಮಾತ್ರ ಯಂತ್ರದ ಶಕ್ತಿ ತಲುಪುತ್ತಿತ್ತು. ಮುಂದಿನವು ಚಕ್ಕಡಿಯ ಗಾಲಿಗಳಂತೆ ಸುಮ್ಮನೆ ಉರುಳುತ್ತಿದ್ದವು. ಗಾಡಿಯ ಭಾರದಲ್ಲಿ ಸುಮಾರು ಅರ್ಧ ಆ ಸೋಮಾರಿ ಗಾಲಿಗಳ ಮೇಲೆಯೇ ಬೀಳುತ್ತಿದ್ದರೂ ಆ ಭಾರದಿಂದ ನೆಲಕ್ಕೆ ದೊರೆಯುವ ಹಿಡಿತ ಎಳೆತಕ್ಕೆ ಒದಗದೆ ವ್ಯರ್ಥವಾಗುತ್ತಿತ್ತು. ಆ ಮುಂದಿನ ಗಾಲಿಗಳಿಗೂ ನೊಗ ಹೂಡಿದರೆ ಏನಾದೀತು?

ಈ ಪ್ರಶ್ನೆಯನ್ನು ಹಿಡಿದು ಹೊರಟವನ ಹೆಸರು ಹಾವೇರಿಯ ರೈತನಿಗೆ ಅಪರಿಚಿತವಲ್ಲ. ಹೊಲಗಳಲ್ಲಿ ಓಡಾಡುವ ಕೆಂಪು ಟ್ರ್ಯಾಕ್ಟರುಗಳ ಮೂತಿಯ ಮೇಲೆ ಅವನು ಅದನ್ನು ಓದಿದ್ದಾನೆ: ಮ್ಯಾಸಿ ಫರ್ಗ್ಯುಸನ್. ಮದರಾಸಿನಲ್ಲಿ 1960ರಲ್ಲಿ ಸ್ಥಾಪಿತವಾದ ಕಾರ್ಖಾನೆಯಿಂದ ಈ ಹೆಸರಿನ ಟ್ರ್ಯಾಕ್ಟರುಗಳು ದಕ್ಷಿಣದ ಹೊಲಗಳಿಗೆ ಬಂದವು. ಆ ಹೆಸರಿನ ಉತ್ತರಾರ್ಧ ಐರ್ಲೆಂಡಿನ ಒಬ್ಬ ಒಕ್ಕಲಿಗನ ಮಗನದು.

ಹ್ಯಾರಿ ಫರ್ಗ್ಯುಸನ್ ಹುಟ್ಟಿದ್ದು 1884ರಲ್ಲಿ. ಹೊಲದ ಕೆಲಸ ಒಗ್ಗದೆ ಬೆಲ್‌ಫಾಸ್ಟಿನಲ್ಲಿ ಅಣ್ಣನ ಮೋಟಾರು ದುರಸ್ತಿಯ ಅಂಗಡಿ ಸೇರಿದ. 1909ರ ಡಿಸೆಂಬರ್ 31ರಂದು ತಾನೇ ಕಟ್ಟಿದ ವಿಮಾನದಲ್ಲಿ ಹಾರಿ, ಐರ್ಲೆಂಡಿನಲ್ಲಿ ಮೊತ್ತಮೊದಲು ವಿಮಾನ ಹಾರಿಸಿದವನೆಂಬ ಕೀರ್ತಿ ಗಳಿಸಿದ. ಆದರೆ ಲೋಕ ಅವನನ್ನು ನೆನೆಯುವುದು ಬಿಟ್ಟುಬಂದ ಹೊಲಕ್ಕೇ ಅವನು ಮರಳಿ ಮಾಡಿದ ಉಪಕಾರಕ್ಕಾಗಿ.

ಹಿಂದಿನ ಟ್ರ್ಯಾಕ್ಟರುಗಳು ನೇಗಿಲನ್ನು ಚಕ್ಕಡಿಯಂತೆ ಹಿಂದಕ್ಕೆ ಕಟ್ಟಿ ಎಳೆಯುತ್ತಿದ್ದವು. ಹಗುರ ಟ್ರ್ಯಾಕ್ಟರಾದರೆ ಗಾಲಿ ಜಾರುತ್ತಿತ್ತು. ಜಾರದಿರಲೆಂದು ಭಾರಿ ಯಂತ್ರ ಕಟ್ಟಿದರೆ ಹೊಲದ ಮಣ್ಣು ತುಳಿತಕ್ಕೆ ಗಟ್ಟಿಯಾಗುತ್ತಿತ್ತು. ನೇಗಿಲು ಕಲ್ಲಿಗೋ ಬೇರಿಗೋ ಸಿಕ್ಕಿಕೊಂಡಿತೆಂದರೆ ಟ್ರ್ಯಾಕ್ಟರಿನ ಮೂತಿ ಮೇಲೆದ್ದು ಹಿಮ್ಮಗುಚಿ, ಅದರಡಿ ಸಿಕ್ಕು ಪ್ರಾಣ ಬಿಟ್ಟವರೂ ಉಂಟು. ಫರ್ಗ್ಯುಸನ್ ಮೂರು ಕೊಂಡಿಗಳಿಂದ ನೇಗಿಲನ್ನು ಟ್ರ್ಯಾಕ್ಟರಿಗೆ ಜೋಡಿಸಿ, ಎಣ್ಣೆಯ ಒತ್ತಡದಿಂದ ಅದನ್ನು ಏರಿಳಿಸುವ ಏರ್ಪಾಡು ಮಾಡಿದ. ನೆಲ ನೇಗಿಲನ್ನು ಹಿಂದಕ್ಕೆಳೆದಷ್ಟೂ ಟ್ರ್ಯಾಕ್ಟರಿನ ಹಿಂದಿನ ಗಾಲಿಗಳು ನೆಲಕ್ಕೆ ಇನ್ನಷ್ಟು ಒತ್ತಿಕೊಳ್ಳುತ್ತಿದ್ದವು. ಹಗುರವಾದ ಯಂತ್ರ ಭಾರಿ ಯಂತ್ರದ ಕೆಲಸ ಮಾಡತೊಡಗಿತು. ಇಂದು ರಾಣೆಬೆನ್ನೂರಿನ ಹೊಲದಲ್ಲಿ ಯಾವ ಕಂಪನಿಯ ಟ್ರ್ಯಾಕ್ಟರು ನಿಂತಿದ್ದರೂ ಅದರ ಬೆನ್ನಿಗೆ ಆ ಮೂರು ಕೊಂಡಿಗಳಿರುವುದನ್ನು ಕಾಣಬಹುದು.

1938ರಲ್ಲಿ ಅಮೇರಿಕದ ಹೆನ್ರಿ ಫೋರ್ಡ್ ಮತ್ತು ಫರ್ಗ್ಯುಸನ್ ಬರಿಯ ಕೈಕುಲುಕಿ ಒಪ್ಪಂದ ಮಾಡಿಕೊಂಡರು, ಕಾಗದ ಪತ್ರವಿಲ್ಲ. ಮುದುಕ ಫೋರ್ಡನ ತರುವಾಯ ಮೊಮ್ಮಗನ ಕಾಲದಲ್ಲಿ ಆ ನಂಟು ಮುರಿಯಿತು. ಫರ್ಗ್ಯುಸನ್ ನ್ಯಾಯಾಲಯದ ಮೆಟ್ಟಲು ಹತ್ತಿದ. 1952ರಲ್ಲಿ 92 ಲಕ್ಷ 50 ಸಾವಿರ ಡಾಲರುಗಳಿಗೆ ರಾಜಿಯಾಯಿತು. ಮರುವರ್ಷ ತನ್ನ ಟ್ರ್ಯಾಕ್ಟರು ವ್ಯವಹಾರವನ್ನು ಮ್ಯಾಸಿ-ಹ್ಯಾರಿಸ್ ಕಂಪನಿಯೊಡನೆ ಕೂಡಿಸಿ, ಮುದಿತನದಲ್ಲಿ ಅವನು ಮನಸ್ಸಿಟ್ಟದ್ದು ನಾಲ್ಕು ಗಾಲಿಗಳಿಂದಲೂ ಎಳೆಯುವ ಕಾರಿನ ಮೇಲೆ.

ಆ ಕೆಲಸಕ್ಕೆಂದೇ 1950ರಲ್ಲಿ ಸ್ಥಾಪಿಸಿದ ಸಂಶೋಧನಾ ಸಂಸ್ಥೆಯಲ್ಲಿ ಅವನ ಬಲಗೈಯಾಗಿದ್ದವನು ಮೇಜರ್ ಟೋನಿ ರೋಲ್ಟ್. ಈತನದೇ ಒಂದು ಕಾದಂಬರಿಯಾದೀತು. ಮಹಾಯುದ್ಧದಲ್ಲಿ ಜರ್ಮನರ ಸೆರೆಸಿಕ್ಕು ಕೋಲ್ಡಿಟ್ಸ್ ಕೋಟೆಯಲ್ಲಿದ್ದಾಗ, ಕಾವಲುಗಾರರ ಕಣ್ಣು ತಪ್ಪಿಸಿ ಕೋಟೆಯ ಅಟ್ಟದಲ್ಲಿ ಸಂಗಡಿಗರೊಡನೆ ಯಂತ್ರವಿಲ್ಲದ ವಿಮಾನವೊಂದನ್ನು ಗುಟ್ಟಾಗಿ ಕಟ್ಟಿದವನು! ಅದು ಹಾರುವ ಮೊದಲೇ 1945ರಲ್ಲಿ ಕೋಟೆ ಬಿಡುಗಡೆಯಾಯಿತು. 1953ರಲ್ಲಿ ಇದೇ ರೋಲ್ಟ್ ಲ ಮಾನ್ಸಿನ 24 ತಾಸುಗಳ ಪಂದ್ಯ ಗೆದ್ದ. ಪಂದ್ಯದ ಕಾರನ್ನು ಬಲ್ಲವನಾಗಿದ್ದುದರಿಂದ ಗಾಲಿ ಜಾರುವುದರ ಅರ್ಥ ಅವನಿಗೆ ಚೆನ್ನಾಗಿ ಗೊತ್ತಿತ್ತು.

ಮುಂದಿನ ಗಾಲಿಗೂ ಒಂದು ಸಲಾಕೆ ಜೋಡಿಸಿದರೆ ಮುಗಿಯಿತಲ್ಲ, ಇದಕ್ಕೆ ಇಷ್ಟು ವರ್ಷಗಳ ಸಂಶೋಧನೆ ಏಕೆ ಎಂದು ಓದುಗರು ಕೇಳಬಹುದು. ಉತ್ತರ ನಮ್ಮ ಕಣದಲ್ಲಿಯೇ ಇದೆ. ಹಂತಿ ಕಟ್ಟಿದಾಗ ಎತ್ತುಗಳನ್ನು ಸಾಲಾಗಿ ಹೂಡಿ ಮೇಟಿಯ ಸುತ್ತ ತಿರುಗಿಸುತ್ತಾರೆ. ಮೇಟಿಯ ಪಕ್ಕದ ಎತ್ತು ನಿಂತಲ್ಲೇ ಹೆಜ್ಜೆ ಬದಲಿಸಿದಂತೆ ನಡೆಯುತ್ತದೆ. ಹೊರಗಿನ ಎತ್ತು ಅದೇ ಒಂದು ಸುತ್ತಿಗೆ ಅದರ ಎಷ್ಟೋ ಪಟ್ಟು ದೂರ ನಡೆಯಬೇಕು. ಎಲ್ಲ ಎತ್ತುಗಳೂ ಸಮಾನ ಹೆಜ್ಜೆ ಹಾಕಲೆಂದು ಹಟ ಹಿಡಿದರೆ ಹಗ್ಗ ಹರಿಯಬೇಕು, ಇಲ್ಲವೆ ಎತ್ತು ಬೀಳಬೇಕು. ಕಾರು ತಿರುವಿನಲ್ಲಿ ತಿರುಗುವಾಗಲೂ ಹೀಗೆಯೇ. ಹೊರಮಗ್ಗುಲ ಗಾಲಿ ಒಳಮಗ್ಗುಲ ಗಾಲಿಗಿಂತ ಹೆಚ್ಚು ದೂರ ಹೋಗುತ್ತದೆ. ಮುಂದಿನ ಗಾಲಿ ಹಿಂದಿನ ಗಾಲಿಗಿಂತ ದೊಡ್ಡ ವರ್ತುಲವನ್ನು ಬರೆಯುತ್ತದೆ. ನಾಲ್ಕು ಗಾಲಿಗಳದೂ ನಾಲ್ಕು ಬಗೆಯ ದೂರ! ಎಲ್ಲವನ್ನೂ ಒಂದೇ ಸಲಾಕೆಗೆ ಬಿಗಿದರೆ ಟೈರು ಉಜ್ಜಿ ಸವೆಯುತ್ತದೆ, ಸಲಾಕೆ ತಿರುಚಿಕೊಳ್ಳುತ್ತದೆ, ತಿರುವಿನಲ್ಲಿ ಕಾರು ಮಾತು ಕೇಳದಾಗುತ್ತದೆ.

ಎರಡು ಗಾಲಿಗಳ ನಡುವಿನ ಈ ವ್ಯತ್ಯಾಸವನ್ನು ನುಂಗಿಕೊಳ್ಳುವುದೇ ಡಿಫರೆನ್ಷಿಯಲ್ ಎಂಬ ಹಲ್ಲುಚಕ್ರಗಳ ಗಂಟು. ಅದನ್ನು ನೊಗಕ್ಕೆ ಹೋಲಿಸಬಹುದು. ನಡುವೆ ಮಿಣಿ ಬಿಗಿದ ನೊಗದಲ್ಲಿ ಒಂದು ಎತ್ತು ತುಸು ಮುಂದೆ, ಇನ್ನೊಂದು ತುಸು ಹಿಂದೆ ನಡೆದರೂ ಎಳೆತದ ಪಾಲು ಇಬ್ಬರದೂ ಸಮವೇ. ಆದರೆ ಎತ್ತುಗಳಲ್ಲಿ ಒಂದು ಜಾರಿ ಕಾಲು ಕೊಡವಿತೆಂದರೆ ನೊಗ ಆ ಕಡೆಗೆ ತಿರುಗಿಬಿಡುತ್ತದೆ; ಗಟ್ಟಿ ನೆಲದಲ್ಲಿ ನಿಂತ ಇನ್ನೊಂದು ಎತ್ತಿನ ಬಲವೂ ದಂಡವಾಗುತ್ತದೆ. ಎರೆಯ ಕುಳಿಯಲ್ಲಿ ಒಂದೇ ಗಾಲಿ ಗಿರಗಿರ ತಿರುಗಿ ಇನ್ನೊಂದು ಅಲುಗದೆ ನಿಂತಿರುವುದನ್ನು ಕಂಡವರಿಗೆ ಇದು ಅರ್ಥವಾದೀತು. ನಾಲ್ಕು ಗಾಲಿಗಳಿಗೂ ಎಳೆತ ಕೊಡುವ ಕಾರಿಗೆ ಹೀಗೆ ಮೂರು ನೊಗಗಳು ಬೇಕು: ಮುಂದಿನ ಜೋಡಿಗೊಂದು, ಹಿಂದಿನ ಜೋಡಿಗೊಂದು, ಎರಡು ಜೋಡಿಗಳ ನಡುವೆ ಮತ್ತೊಂದು. ಆ ನಡುವಿನ ನೊಗ ತಿರುವಿಗೆ ಬೇಕಾದಷ್ಟು ಮಾತ್ರ ಓಲಬೇಕು. ಜಾರಿದಾಗ ಅದಕ್ಕಿಂತ ಹೆಚ್ಚು ಓಲದಂತೆ ತಡೆಯೂ ಇರಬೇಕು. ಫರ್ಗ್ಯುಸನ್ನನ ಸಂಸ್ಥೆ ಸಾಧಿಸಿದ್ದು ಈ ತಡೆಯನ್ನು. ಮುಂದಿನ ಗಾಲಿಗಳಾಗಲಿ ಹಿಂದಿನವಾಗಲಿ ಮಿತಿ ಮೀರಿ ಓಡಿದರೆ ತಟ್ಟನೆ ಹಿಡಿದುಕೊಳ್ಳುವ ಎರಡು ಕ್ಲಚ್ಚುಗಳನ್ನು ಅದು ನಡುವಿನ ಡಿಫರೆನ್ಷಿಯಲ್ಲಿಗೆ ಅಳವಡಿಸಿತು. ಇನ್ನೂ ಒಂದು ಜಾಣತನವಿತ್ತು. ಬಡ ಎತ್ತಿನ ಹೊರೆ ಇಳಿಯಲೆಂದು ರೈತ ಮಿಣಿಯನ್ನು ನೊಗದ ನಡುವಿನಿಂದ ತುಸು ಸರಿಸಿ ಕಟ್ಟುವಂತೆ, ಎಳೆತದಲ್ಲಿ ನೂರಕ್ಕೆ 37 ಪಾಲನ್ನು ಮುಂದಿನ ಗಾಲಿಗಳಿಗೂ 63 ಪಾಲನ್ನು ಹಿಂದಿನವಕ್ಕೂ ಹಂಚಿದರು. ಕಾರು ವೇಗ ಹೆಚ್ಚಿಸಿಕೊಳ್ಳುವಾಗ ಭಾರ ಹಿಂದಕ್ಕೆ ವಾಲುತ್ತದೆಯಷ್ಟೆ.

ಈ ಏರ್ಪಾಡಿನ ಪಂದ್ಯದ ಕಾರೊಂದನ್ನು 1961ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನ ಔಲ್ಟನ್ ಪಾರ್ಕಿನಲ್ಲಿ ಸ್ಟರ್ಲಿಂಗ್ ಮಾಸ್ ಓಡಿಸಿ, ತೇವದ ಹಾದಿಯಲ್ಲಿ ಎಲ್ಲರನ್ನೂ ಹಿಂದಿಕ್ಕಿದ. ಫಾರ್ಮುಲಾ ಒನ್ ದರ್ಜೆಯ ಪಂದ್ಯವೊಂದನ್ನು ನಾಲ್ಕು ಗಾಲಿ ಎಳೆತದ ಕಾರು ಗೆದ್ದದ್ದು ಅದೊಂದೇ ಸಲ. ಫರ್ಗ್ಯುಸನ್ ಅದನ್ನು ಕಾಣಲಿಲ್ಲ. 1960ರ ಅಕ್ಟೋಬರಿನಲ್ಲಿ ಅವನು ತೀರಿಕೊಂಡಿದ್ದ.

ಅತ್ತ ಅಮೇರಿಕದಲ್ಲಿ ಪೈಲ್ವಾನ್ ಕಾರುಗಳ ಕಾಲ ಆರಂಭವಾಗುತ್ತಿತ್ತು. ಮಧ್ಯಮ ಗಾತ್ರದ ಕಾರಿನೊಳಗೆ ಎಂಟು ಸಿಲಿಂಡರುಗಳ ಭಾರಿ ಯಂತ್ರವನ್ನು ತುಂಬಿ ತರುಣರಿಗೆ ಮಾರುವ ವ್ಯಾಪಾರ ಅದು. 1964ರ ಏಪ್ರಿಲ್ 17ರಂದು ನ್ಯೂಯಾರ್ಕಿನ ವಿಶ್ವಮೇಳದಲ್ಲಿ ಫೋರ್ಡ್ ಕಂಪನಿ ಮಸ್ಟಾಂಗ್ ಎಂಬ ಕಾರನ್ನು ಲೋಕಕ್ಕೆ ತೋರಿಸಿತು. ಉದ್ದನೆಯ ಮೂತಿ, ಮೊಟಕು ಬಾಲ. ಯಂತ್ರದ ಭಾರವೆಲ್ಲ ಮುಂದೆ, ಎಳೆಯುವ ಗಾಲಿಗಳು ಹಿಂದೆ. ಗರಡಿಯ ಮಣ್ಣಿನಲ್ಲಿ ಎಂಥವನನ್ನೂ ಚಿತ್ತು ಮಾಡುವ ಪೈಲ್ವಾನನನ್ನು ನುಣ್ಣನೆಯ ಒದ್ದೆ ಬಂಡೆಯ ಮೇಲೆ ನಿಲ್ಲಿಸಿದರೆ ಏನಾದೀತೋ ಮಳೆಯ ದಿನ ಈ ಕಾರುಗಳಿಗೂ ಅದೇ ಗತಿ. ತೋಳಿನಲ್ಲಿ ಬಲವುಂಟು, ಕಾಲಿಗೆ ಊರಿಲ್ಲ.

ಫರ್ಗ್ಯುಸನ್ ಸಂಸ್ಥೆಯವರು 1965ರಲ್ಲಿ ಒಂದು ಮಸ್ಟಾಂಗನ್ನು ತೆಗೆದುಕೊಂಡು ಅದರ ನಾಲ್ಕು ಗಾಲಿಗೂ ನೊಗ ಹೂಡಿದರು. ಹಿಂದಿನ ಎಳೆತಕ್ಕೆಂದೇ ಹುಟ್ಟಿದ ಕಾರಿಗೆ ಇದು ಚಿಕ್ಕ ಶಸ್ತ್ರಚಿಕಿತ್ಸೆಯಲ್ಲ. ಗೇರ್ ಬಾಕ್ಸಿನ ಬೆನ್ನಿಗೆ ಶಕ್ತಿಯನ್ನು ಎರಡಾಗಿ ಹಂಚುವ ಪೆಟ್ಟಿಗೆ ಕೂಡಬೇಕು. ಅಲ್ಲಿಂದ ಒಂದು ಶಾಫ್ಟು ಯಂತ್ರದ ಪಕ್ಕದಲ್ಲಿಯೇ ಮೂತಿಯ ಕಡೆಗೆ ಮರಳಬೇಕು. ಯಂತ್ರದ ಎಣ್ಣೆಯ ತೊಟ್ಟಿ ಇರುವೆಡೆಯಲ್ಲಿಯೇ ಮುಂದಿನ ಡಿಫರೆನ್ಷಿಯಲ್ಲಿಗೂ ಅದರ ಸಲಾಕೆಗಳಿಗೂ ಜಾಗ ಹುಡುಕಬೇಕು. ಮುಂದಿನ ಗಾಲಿ ಎಡಬಲಕ್ಕೆ ತಿರುಗುವ ಗಾಲಿಯಾದುದರಿಂದ, ಯಾವ ಕೋನದಲ್ಲಿ ತಿರುಗಿದರೂ ಒಂದೇ ಸಮನೆ ಶಕ್ತಿ ಮುಟ್ಟಿಸುವ ಕೀಲುಗಳು ಬೇಕು. ಅದೃಷ್ಟಕ್ಕೆ ಮಸ್ಟಾಂಗಿನ ಮುಂದಿನ ಸ್ಪ್ರಿಂಗು ಮೇಲ್ತೋಳಿನ ಮೇಲೆ ಕುಳಿತಿರುವುದು. ಕೆಳಗೆ ಸಲಾಕೆ ಹಾಯಲು ಎಡೆ ಉಳಿಯುತ್ತದೆ. ಮುಂದಿನ ಮತ್ತು ಹಿಂದಿನ ಹಲ್ಲುಚಕ್ರಗಳ ಲೆಕ್ಕ ಒಂದಕ್ಕೊಂದು ಹೊಂದಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಆ ಕಾರಿನಲ್ಲಿ ಅವರು ಇನ್ನೊಂದು ವಸ್ತುವನ್ನೂ ಜೋಡಿಸಿದ್ದರು. ಬಹುಶಃ ಹೆಚ್ಚು ಮುಖ್ಯವಾದುದು ಅದೇ. ನಾಲ್ಕು ಗಾಲಿಗಳ ಎಳೆತ ಕಾರನ್ನು ಹೊರಡಿಸುತ್ತದೆ, ಏರಿಸುತ್ತದೆ, ನಿಲ್ಲಿಸುವುದಿಲ್ಲ. ಬ್ರೇಕು ಆ ಹೊತ್ತಿಗಾಗಲೇ ಸಾಮಾನ್ಯ ಕಾರುಗಳಲ್ಲಿಯೂ ನಾಲ್ಕು ಗಾಲಿಗೂ ಇದ್ದದ್ದೇ. ಕೆಸರಿನಲ್ಲಿ ಸಲೀಸಾಗಿ ಹೊರಟ ಚಾಲಕ ಹಾದಿ ಚೆನ್ನಾಗಿದೆಯೆಂದು ಮೋಸಹೋಗಿ, ನಿಲ್ಲಿಸುವ ಹೊತ್ತಿಗೆ ಜಾರಿ ಹೋಗುವುದು ಇಂದಿಗೂ ನಡೆಯುತ್ತದೆ. ಆದುದರಿಂದ ಫರ್ಗ್ಯುಸನ್ ಸಂಸ್ಥೆ ವಿಮಾನಗಳಿಗೆಂದು ಡನ್ಲಪ್ ಕಂಪನಿ ಸಿದ್ಧಪಡಿಸಿದ್ದ ಮ್ಯಾಕ್ಸರೆಟ್ ಎಂಬ ಸಾಧನವನ್ನು ಮಸ್ಟಾಂಗಿಗೆ ಹಾಕಿತು. ಬ್ರೇಕು ಒತ್ತಿದಾಗ ಗಾಲಿ ಪೂರ್ತಿ ಕಚ್ಚಿಕೊಂಡು ಜಾರುವ ಮೊದಲೇ ಅದು ಬ್ರೇಕನ್ನು ತುಸು ಸಡಿಲಿಸಿ ಮತ್ತೆ ಹಿಡಿಯುತ್ತದೆ. ಇಂದು ನಮ್ಮ ಸಾಮಾನ್ಯ ಕಾರುಗಳಲ್ಲಿಯೂ ಇರುವ ಎಬಿಎಸ್ ಇದೇ ವಂಶದ್ದು. ಕಾರನ್ನು ವೇಗವಾಗಿಸುವುದಕ್ಕಿಂತ ಅದರಲ್ಲಿ ಕುಳಿತ ಸಂಸಾರವನ್ನು ಕ್ಷೇಮವಾಗಿ ಮನೆ ಮುಟ್ಟಿಸುವುದೇ ಹ್ಯಾರಿ ಫರ್ಗ್ಯುಸನ್ನನ ಹಂಬಲವಾಗಿತ್ತು.

ಫೋರ್ಡ್ ಕಂಪನಿ ಮನಸ್ಸು ಮಾಡಲಿಲ್ಲ. ಮಸ್ಟಾಂಗಿನ ಸೊಗಸೆಲ್ಲ ಅದರ ಕಡಿಮೆ ಬೆಲೆಯಲ್ಲಿತ್ತು; ಮೂರು ಡಿಫರೆನ್ಷಿಯಲ್ಲುಗಳ ಖರ್ಚನ್ನು ಅದು ತಾಳುವಂತಿರಲಿಲ್ಲ. ಆ ವಿದ್ಯೆ 1966ರಲ್ಲಿ ಇಂಗ್ಲೆಂಡಿನ ಜೆನ್ಸನ್ ಎಫ್‌ಎಫ್ ಎಂಬ ದುಬಾರಿ ಕಾರಾಗಿ ಹೊರಬಂದಿತು. ಅಮೇರಿಕದ ಭಾರಿ ಯಂತ್ರ, ನಾಲ್ಕು ಗಾಲಿಗಳ ಎಳೆತ, ಮ್ಯಾಕ್ಸರೆಟ್ ಬ್ರೇಕು, ಎಲ್ಲವೂ ಅದರಲ್ಲಿದ್ದವು. ಆದರೆ ಮುಂದಕ್ಕೆ ಹೋಗುವ ಶಾಫ್ಟಿಗೆ ಒಂದು ಮಗ್ಗುಲು ಮೀಸಲಾದುದರಿಂದ ಅದನ್ನು ನಮ್ಮ ದೇಶದಂತೆ ಬಲಮಗ್ಗುಲಲ್ಲಿ ಸ್ಟಿಯರಿಂಗ್ ಇರುವ ಕಾರಾಗಿ ಮಾತ್ರ ಮಾಡಲು ಸಾಧ್ಯವಾಯಿತು. ಎಡಮಗ್ಗುಲ ಅಮೇರಿಕದ ಮಾರುಕಟ್ಟೆಯೇ ಮುಚ್ಚಿದಂತಾಯಿತು! 1971ರಲ್ಲಿ ನಿಲ್ಲುವವರೆಗೆ ತಯಾರಾದದ್ದು ಒಟ್ಟು 320. ರಸ್ತೆಯ ಕಾರಿಗೂ ಈ ಎಳೆತ ಬೇಕೆಂದು ಲೋಕ ಒಪ್ಪಿದ್ದು 1980ರಲ್ಲಿ ಜರ್ಮನಿಯ ಔಡಿ ಕ್ವಾಟ್ರೊ ಬಂದ ಮೇಲೆ.

1965ರ ಮಸ್ಟಾಂಗಿನ ಕಥೆ ಅಲ್ಲಿಗೆ ನಿಲ್ಲಲಿಲ್ಲ. 2014ರಲ್ಲಿ ಕೆನ್ ಬ್ಲಾಕ್ ಎಂಬ ಅಮೇರಿಕದ ಚಾಲಕ ಅದೇ ವರ್ಷದ ಮಾದರಿಯ ಮಸ್ಟಾಂಗಿಗೆ 845 ಅಶ್ವಶಕ್ತಿಯ ಯಂತ್ರವನ್ನೂ ನಾಲ್ಕು ಗಾಲಿಗಳ ಎಳೆತವನ್ನೂ ಹಾಕಿಸಿ ಲಾಸ್ ಏಂಜಲೀಸಿನ ಬೀದಿಗಳಲ್ಲಿ ಬುಗುರಿಯಂತೆ ಆಡಿಸಿದ. ಆ ಚಿತ್ರವನ್ನು ಕಂಡು ಮರುಳಾದ ತರುಣರು ನಮ್ಮಲ್ಲಿಯೂ ಉಂಟು. ಆದರೆ ಆ ಕಾರಿನಲ್ಲಿ ಹಳೆಯ ಮಸ್ಟಾಂಗಿನದಾಗಿ ಉಳಿದದ್ದು ಬಹಳ ಸ್ವಲ್ಪ. ಒಳಗೆಲ್ಲ ಕೊಳವೆಗಳಿಂದ ಕಟ್ಟಿದ ಪಂದ್ಯದ ಹಂದರ. ಹಳೆಯ ಕಾರನ್ನು ಉಳಿಸುವ ಆಸೆಯೂ ಅದಕ್ಕೆ ಹೊಸ ಕಾಲು ಕೊಡುವ ಆಸೆಯೂ ಒಂದೇ ಮನಸ್ಸಿನಲ್ಲಿ ಹುಟ್ಟಿದರೂ ಒಂದು ಗೆದ್ದಲ್ಲಿ ಇನ್ನೊಂದು ಸೋಲುತ್ತದೆ.

ನಮ್ಮ ದೇಶದ ಕಾನೂನು ಈ ವಿಷಯದಲ್ಲಿ ಬಿಗಿಯಾದುದು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ವಿಧಿಯನ್ನು ವಿವರಿಸುತ್ತ, ತಯಾರಕರು ನಮೂದಿಸಿದ ಮೂಲ ವಿವರಗಳಿಗೆ ವಿರುದ್ಧವಾಗುವಂತೆ ಗಾಡಿಯನ್ನು ಮಾರ್ಪಡಿಸಕೂಡದೆಂದು ಸರ್ವೋಚ್ಚ ನ್ಯಾಯಾಲಯ 2019ರ ಜನವರಿಯಲ್ಲಿ ತೀರ್ಪಿತ್ತಿತು. 50 ವರ್ಷ ದಾಟಿದ ಹಳೆಯ ಗಾಡಿಗಳಿಗೆ 2021ರಲ್ಲಿ ಬಂದ ನಿಯಮಗಳು ಗೌರವದ ಪ್ರತ್ಯೇಕ ನೋಂದಣಿಯನ್ನು ಕೊಟ್ಟಿವೆ. ಆದರೆ ಗಾಡಿ ಮೂಲರೂಪದಲ್ಲಿಯೇ ಇರಬೇಕು. ಅಜ್ಜನ ಕಾಲದ ಕಾರಿನ ಹೊಟ್ಟೆ ಸೀಳಿ ಮುಂದಿನ ಗಾಲಿಗೆ ಶಾಫ್ಟು ಹಾಯಿಸಿದವನು ಆ ಗೌರವವನ್ನೂ ರಸ್ತೆಗಿಳಿಯುವ ಹಕ್ಕನ್ನೂ ಒಟ್ಟಿಗೆ ಕಳೆದುಕೊಳ್ಳಬಹುದು. ಅಪಘಾತವಾದಾಗ ವಿಮೆಯ ಕಂಪನಿ ಕೇಳುವ ಪ್ರಶ್ನೆಗಳು ಬೇರೆ.

ನಮ್ಮಲ್ಲಿ ಈ ಮಾರ್ಪಾಟಿನ ಗೀಳು ಹೆಚ್ಚಾಗಿ ಹತ್ತಿದ್ದು ಜೀಪಿಗೆ. ಯುದ್ಧಕಾಲದ ವಿಲೀಸ್ ಜೀಪಿಗೆ ನಾಲ್ಕು ಗಾಲಿಗಳ ಎಳೆತ ಹುಟ್ಟಿನಿಂದಲೇ ಬಂದಿತ್ತು. ಅದರ ವಂಶವಾಗಿ ಭಾರತದಲ್ಲಿ ಮಹೀಂದ್ರ ಕಂಪನಿ ತಯಾರಿಸಿದ ಜೀಪುಗಳಲ್ಲಿ ಬೆಲೆ ಕಡಿಮೆ ಮಾಡಲೆಂದು ಹಿಂದಿನ ಗಾಲಿಗಳಿಂದ ಮಾತ್ರ ಎಳೆಯುವಂಥವೂ ಬಹಳವಾಗಿ ಮಾರಾಟವಾದವು. ಅಂಥವಕ್ಕೆ ಮಿಸ್ತ್ರಿಗಳು ಗುಜರಿಯಿಂದ ಮುಂದಿನ ಹೌಸಿಂಗನ್ನೂ ಶಕ್ತಿ ಹಂಚುವ ಪೆಟ್ಟಿಗೆಯನ್ನೂ ತಂದು ಕೂಡಿಸುವುದುಂಟು. ಅದೇ ಮನೆತನದ ಭಾಗಗಳಾದುದರಿಂದ ಕೆಲಸ ಮಸ್ಟಾಂಗಿನಷ್ಟು ಕಠಿಣವಲ್ಲ. ಕಾನೂನಿನ ತೊಡಕು ಮಾತ್ರ ಇಲ್ಲಿಯೂ ತಪ್ಪಿದ್ದಲ್ಲ. ಹಿಂದಿನ ಮತ್ತು ಮುಂದಿನ ಹೌಸಿಂಗುಗಳ ಹಲ್ಲುಗಳ ಲೆಕ್ಕ ಹೊಂದದಿದ್ದರೆ ಮೊದಲ ದಿನವೇ ಗಾಡಿ ತನ್ನೊಡನೆ ತಾನೇ ಜಗಳಕ್ಕೆ ನಿಲ್ಲುತ್ತದೆ. ಮುಂದೆ ಹೊಸ ಟೈರು, ಹಿಂದೆ ಸವೆದ ಟೈರು ಹಾಕಿದರೂ ಸುತ್ತಳತೆ ಬೇರೆಯಾಗಿ ಅದೇ ಜಗಳ.

ಇಂಥ ಜೀಪಿನಲ್ಲಿ ನಡುವಿನ ನೊಗವೇ ಇರುವುದಿಲ್ಲ ಎಂಬುದನ್ನು ಹೊಸಬರು ಮರೆಯುತ್ತಾರೆ. ಮುಂದಿನ ಜೋಡಿಯೂ ಹಿಂದಿನ ಜೋಡಿಯೂ ಬಿಗಿಯಾಗಿ ಕಟ್ಟಿಕೊಂಡಿರುತ್ತವೆ. ಕೆಸರಿನಲ್ಲಿ ಗಾಲಿಗಳು ತುಸು ಜಾರಿ ದೂರದ ವ್ಯತ್ಯಾಸವನ್ನು ಸರಿದೂಗಿಸಿಕೊಳ್ಳುವುದರಿಂದ ತೊಂದರೆ ಕಾಣುವುದಿಲ್ಲ. ಗಟ್ಟಿ ರಸ್ತೆಯಲ್ಲಿ ಆ ಜಾರುವಿಕೆಗೆ ಎಡೆಯಿಲ್ಲ. ಶಾಫ್ಟಿನಲ್ಲಿ ತಿರುಚು ತುಂಬಿಕೊಂಡು, ಎಳೆತವನ್ನು ಬಿಡಿಸುವ ಸಣ್ಣ ಲಿವರು ಎಷ್ಟು ಜಗ್ಗಿದರೂ ಜಗ್ಗದಂತಾಗುತ್ತದೆ. ಆಗ ಬಲ್ಲ ಚಾಲಕರು ಜೀಪನ್ನು ನಾಲ್ಕು ಮಾರು ಹಿಂದಕ್ಕೆ ನಡೆಸುತ್ತಾರೆ. ತಿರುಚು ಸಡಿಲಿ ಲಿವರು ತಾನಾಗಿ ಕಳಚಿಕೊಳ್ಳುತ್ತದೆ. ಹೊಲದ ಹಾದಿ ಮುಗಿದು ಟಾರು ರಸ್ತೆಗೆ ಗಾಲಿ ಇಡುವ ಮೊದಲೇ ಆ ಲಿವರನ್ನು ಬಿಡಿಸಿಕೊಳ್ಳುವುದು ವಾಡಿಕೆ.